ಹೊಸಿಲಾಚೆಯ ಬಾನಿ

ನಾನು ಕಲ್ಲು ಕುಟ್ಟುವವಳು. ಬೀಸುಕಲ್ಲು, ಒರಳು, ರುಬ್ಬುಗುಂಡು, ಸವೆದು ನುಣ್ಣಗಾದ ಯಾವ ಕಲ್ಲನ್ನಾದರೂ ಉಳಿಯಿಂದ ಚುಕ್ಕೆ ಹೊಡೆದು ಮತ್ತೆ ಹಲ್ಲು ಬರಿಸಿಕೊಡುತ್ತೇನೆ. ನಮ್ಮ ಊರಿನಲ್ಲಿ ಈ ಕಸುಬಿನವರು ಒಂದು ದಿನ ಮುಂಚೆಯೇ ಬೀದಿಗೆ ಹೋಗಿ ಕೂಗಿ ಬರಬೇಕು. ಬೆಳಿಗ್ಗೆ ಎಂಟಕ್ಕೆ ಬಾವಿ ಬೀದಿಯಲ್ಲಿ ನಿಂತು "ಕಲ್ಲು ಕುಟ್ಟೋದೂ" ಎಂದು ಗಂಟಲು ಹರಿಯುವಂತೆ ಕೂಗುತ್ತೇನೆ. ಪಕ್ಕದಲ್ಲಿ ಮಲಗಿದ ನಾಯಿಯೂ ಕಿವಿ ನಿಮಿರಿಸುವುದಿಲ್ಲ. ಮಾರನೆಯ ದಿನ ಎಂಟಕ್ಕೆ ಆ ಕೂಗು ಅದೇ ಜಾಗದಲ್ಲಿ ಏಳುತ್ತದೆ. ಹೆಂಗಸರು ಕಲ್ಲು ಉರುಳಿಸಿಕೊಂಡು ಜಗುಲಿಗೆ ತರುತ್ತಾರೆ. ಅಷ್ಟು ಹೊತ್ತಿಗೆ ನಾನು ಉಳಿಯ ಚೀಲ ಹಿಡಿದು ಬೀದಿಯ ತುದಿಯಲ್ಲಿರುತ್ತೇನೆ.

ಮೆಲ್ಲಗೆ ಆಡಿದ ಮಾತು, ಅನ್ನದ ಕುದಿ, ಪೊರಕೆಯ ಸದ್ದು ಆಗಿಂದಾಗಲೇ ಕೇಳಿಸುತ್ತವೆ. ಕೂಗು, ಗುಡುಗು, ಡೋಲು, ಕಬ್ಬಿಣದ ಸದ್ದು, ಇವೆಲ್ಲ ಒಂದು ದಿನ ತಡ. ಮಳೆ ಇವತ್ತು, ಗುಡುಗು ನಾಳೆ. ಮದುವೆಗೆ ವಾಲಗದವರನ್ನು ಹಿಂದಿನ ದಿನವೇ ಕರೆಸಿ ಖಾಲಿ ಚಪ್ಪರದಲ್ಲಿ ಊದಿಸಿ, ಊಟ ಹಾಕಿ ಕಳಿಸಿಬಿಡುತ್ತೇವೆ. ಶಾಲೆಯ ಜವಾನ ಸೋಮವಾರದ ಗಂಟೆ ಹೊಡೆಯಲು ಭಾನುವಾರ ಬರಬೇಕಲ್ಲ ಎಂದು ಮೂವತ್ತು ವರ್ಷದಿಂದ ಗೊಣಗುತ್ತಿದ್ದಾನೆ. ಹೊರಗಿನಿಂದ ಬಂದವರಿಗೆ ಇದು ವಿಚಿತ್ರ. ನನಗೆ ವಿಚಿತ್ರವೆನಿಸುವುದು ಹೊರಗಿನವರ ಬಾಳು. ಬೈದದ್ದನ್ನು ಬೈದ ಗಳಿಗೆಯಲ್ಲೇ ಕೇಳಿಸಿಕೊಂಡು ಆಮೇಲೆ ಒಂದೇ ಬೀದಿಯಲ್ಲಿ ಅವರು ಹೇಗೆ ಇರುತ್ತಾರೋ ನಾನು ಕಾಣೆ.

ನಮ್ಮಲ್ಲಿ ಜಗಳಕ್ಕೆ ಒಂದು ಪದ್ಧತಿ ಇದೆ. ಒಬ್ಬರ ಮೇಲೆ ಒಬ್ಬರು ಕೂಗಾಡಿದರೆ ಮಾರನೆಯ ದಿನ ಅದೇ ಹೊತ್ತಿಗೆ ಇಬ್ಬರೂ ಅದೇ ಜಾಗಕ್ಕೆ ಬಂದು ನಿಲ್ಲಬೇಕು. ಇದಕ್ಕೆ ಕೇಳಿಕೆ ಎನ್ನುತ್ತೇವೆ. ನಿನ್ನೆಯ ಬೈಗುಳ ಬರುತ್ತದೆ. ಬೈದವರೂ ಕೇಳುತ್ತಾರೆ, ಬೈಸಿಕೊಂಡವರೂ ಕೇಳುತ್ತಾರೆ. ಮುಗಿದ ಮೇಲೆ ಬೈದವರು ಎರಡು ಅಂಗೈಗಳನ್ನು ಒಂದಕ್ಕೊಂದು ತಟ್ಟಿ ಧೂಳು ಕೊಡವಿದಂತೆ ಮಾಡಿದರೆ ಆ ಮಾತನ್ನು ಬಿಟ್ಟರು ಎಂದು ಅರ್ಥ. ಬಲಗಾಲಿನಿಂದ ನೆಲ ಒದ್ದರೆ ಹೌದು, ಅಂದದ್ದು ಅಂದದ್ದೇ. ಹೌದು ಎಂದ ಮಾತನ್ನು ನಡೆಸಬೇಕು. ನೂರಕ್ಕೆ ತೊಂಬತ್ತು ಮಂದಿ ಕೈ ಕೊಡವುತ್ತಾರೆ. ನಾನು ನನ್ನ ಜೀವಮಾನದಲ್ಲಿ ಕೈ ಕೊಡವಿದ್ದು ಕಡಿಮೆ. ನನ್ನ ಗಂಡ ತಿಪ್ಪಯ್ಯ ಹೇಳುವ ಹಾಗೆ, ನಮ್ಮ ಮನೆಯ ಅಂಗಳದಲ್ಲಿ ಹುಲ್ಲು ಬೆಳೆಯದೇ ಇರುವುದು ನನ್ನ ಬಲಗಾಲಿನಿಂದ.

ಉಳಿಗೆ ವಾರಕ್ಕೊಮ್ಮೆ ಬೆಂಕಿ ಬೇಕು. ಮೊಂಡಾದ ತುದಿಯನ್ನು ಕಾಯಿಸಿ, ತಟ್ಟಿ, ಚೂಪು ಮಾಡಿ, ನೀರಿಗೆ ಅದ್ದಿ ಹದ ಹಾಕದಿದ್ದರೆ ಅದು ಕಲ್ಲಿನ ಮೇಲೆ ಮೇಣದ ಹಾಗೆ ಮಡಚಿಕೊಳ್ಳುತ್ತದೆ. ಊರಿನಲ್ಲಿ ಕುಲುಮೆ ಇದ್ದದ್ದು ಒಂದೇ, ಸಣ್ಣಾಚಾರಿಯದು. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಇಪ್ಪತ್ತೆರಡು ವರ್ಷ ನನ್ನ ಉಳಿಗಳಿಗೆ ಅವನೇ ಹದ ಹಾಕಿದ್ದ. ಹಳೆಯ ದಿನಗಳಲ್ಲಿ ಅವನ ಕೆಲಸ ನೋಡುವುದೇ ಒಂದು ಚಂದವಾಗಿತ್ತು. ದಿನಾ ಒಂದೇ ಹೊತ್ತಿಗೆ ಶುರುಮಾಡಿ ಒಂದೇ ಲಯದಲ್ಲಿ ಹೊಡೆಯುತ್ತಿದ್ದರಿಂದ ನಿನ್ನೆಯ ಸದ್ದು ಇವತ್ತಿನ ಏಟಿಗೆ ಸರಿಯಾಗಿ ಬಂದು ಕೂರುತ್ತಿತ್ತು. ಸುತ್ತಿಗೆ ಇಳಿಯುವುದಕ್ಕೂ ಠಣ್ ಅನ್ನುವುದಕ್ಕೂ ಕೂದಲೆಳೆ ವ್ಯತ್ಯಾಸವಿರುತ್ತಿರಲಿಲ್ಲ. ಈಚೆಗೆ ಒಂದು ವರ್ಷದಿಂದ ಅದು ತಪ್ಪಿತ್ತು. ಸುತ್ತಿಗೆ ಮೇಲೆತ್ತಿದಾಗ ಠಣ್, ಇಳಿಸಿದಾಗ ಮೌನ. ನೋಡುವವರಿಗೆ ತಲೆ ಸುತ್ತುತ್ತಿತ್ತು. ಆಚಾರಿಗೆ ವಯಸ್ಸಾಯಿತು ಎಂದು ಎಲ್ಲರೂ ನಗುತ್ತಿದ್ದರು. ಜೊತೆಗೆ ಅವನಿಗೆ ಒಂದು ಕೆಟ್ಟ ಚಾಳಿ ಬಂದಿತ್ತು: ಮಾತಾಡಿಸಿದರೆ ಕಣ್ಣು ನೋಡದೆ ಬಾಯನ್ನೇ ನೋಡುತ್ತಿದ್ದ. ಹೆಂಗಸರ ಬಾಯನ್ನು ಹಾಗೆ ನೋಡುವುದೇನು?

ಆ ವರ್ಷ ನನ್ನ ಉಳಿಗಳು ಮುರಿಯತೊಡಗಿದವು. ಮೊದಲು ತಿಂಗಳಿಗೊಂದು, ಆಮೇಲೆ ವಾರಕ್ಕೆ ಎರಡು ಮೂರು. ಹಬ್ಬದ ತಿಂಗಳು ಹತ್ತಿರ ಬರುತ್ತಿತ್ತು. ಆ ಒಂದು ತಿಂಗಳು ಊರಿನ ಕಲ್ಲುಗಳನ್ನೆಲ್ಲ ಕುಟ್ಟಿದರೆ ಮುಂದಿನ ಐದು ತಿಂಗಳು ನಮ್ಮ ಒಲೆ ಉರಿಯುತ್ತದೆ. ನಾನು ಮುರಿದ ಮೂರು ಉಳಿಗಳನ್ನು ಹಿಡಿದು ಕುಲುಮೆಗೆ ಹೋದೆ.

"ಆಚಾರ್ರೇ, ಹೋದ ವಾರ ಆರು ಉಳಿ ಕೊಟ್ರಿ. ಮೂರು ಮುರಿದೋದ್ವು. ಯಾಕೆ?"

ಅವನು ನನ್ನ ಬಾಯಿ ನೋಡಿದ. "ಗುರುವಾರ ಬಾ" ಎಂದ.

"ಗುರುವಾರ ಯಾಕೆ ಬರ್ಲಿ? ಮುರಿದಿದ್ಯಾಕೆ ಅಂತ ಕೇಳ್ತಾ ಇವ್ನಿ."

ಉಳಿಗಳನ್ನು ಕೈಗೆ ತೆಗೆದುಕೊಂಡು ಒಂದು ಗಳಿಗೆ ತಿರುಗಿಸಿ ನೋಡಿದ. "ಕೈ ಸೊಟ್ಟ ಇದ್ರೆ ಉಳಿ ಏನ್ ಮಾಡ್ತದೆ? ನೆಟ್ಟಗೆ ಹೊಡೆಯೋದು ಕಲಿ."

ಇಪ್ಪತ್ತೆರಡು ವರ್ಷ ಕಲ್ಲು ಕುಟ್ಟಿದವಳಿಗೆ ಹೇಳುವ ಮಾತೇ ಅದು? ನಾನು ಕೂಗಿದೆ. ಏನು ಕೂಗಿದೆನೋ ಆಗ ನನಗೂ ಪೂರ್ತಿ ಗೊತ್ತಾಗಲಿಲ್ಲ. ನಮ್ಮೂರಿನಲ್ಲಿ ಕೂಗುವವರ ಕಿವಿಗೂ ಆ ಹೊತ್ತಿಗೆ ಏನೂ ಬೀಳುವುದಿಲ್ಲ. ಗಂಟಲು ಉರಿಯುತ್ತದೆ, ಅಷ್ಟೆ.

ಮಾರನೆಯ ದಿನ ಕೇಳಿಕೆಗೆ ನಿಂತೆವು. ಆಚಾರಿ, ಅವನ ಹೆಂಡತಿ ಕಾಳಮ್ಮ, ನಾನು. ಹೊತ್ತಿಗೆ ಸರಿಯಾಗಿ ನನ್ನ ದನಿ ಕುಲುಮೆಯ ನಡುಮನೆಯಲ್ಲಿ ಎದ್ದಿತು. "ಯಾವಳು ಸೊಟ್ಟ ಕೈಯವಳು? ಇನ್ನು ನಿನ್ ಕುಲುಮೆ ಹೊಸಿಲು ತುಳಿದ್ರೆ ಕೇಳು. ನಾನೇ ಕುಲುಮೆ ಹಾಕ್ತೀನಿ. ನಿನ್ ಬೆಂಕಿ ಆರೋಗ್ಲಿ, ನಿನ್ ತಿದಿ ಹರಿದೋಗ್ಲಿ!" ಕಾಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೆಂಕಿ ಆರಲಿ ಎನ್ನುವುದು ಆಚಾರರ ಮನೆಯಲ್ಲಿ ಆಡುವ ಮಾತಲ್ಲ. ಕೇಳಿಕೆಗೆ ನಿಂತವರು ಸಾಮಾನ್ಯವಾಗಿ ನೆಲ ನೋಡುತ್ತಾರೆ. ಆಚಾರಿ ನನ್ನ ಕಾಲನ್ನೇ ನೋಡುತ್ತಿದ್ದ, ಒದೆಯುತ್ತಾಳೋ ಇಲ್ಲವೋ ಎಂದು ಕಾಯುವವನ ಹಾಗೆ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ಒದ್ದೆ.

"ಸರಿ" ಎಂದು ಅವನು ತಿದಿಯ ಹತ್ತಿರ ಹೋದ. ನಾನು ಹೊಸಿಲು ದಾಟಿ ಹೊರಗೆ ಬಂದೆ.

ಮನೆಗೆ ಬಂದು ತಿಪ್ಪಯ್ಯನಿಗೆ ಹೇಳಿದೆ. ಅವನ ಸೊಂಟ ಬಿದ್ದು ಏಳು ವರ್ಷವಾಯಿತು. ಅಂಗಳದ ಹುಣಸೆ ಮರದ ಕೆಳಗೆ ಕೂತು ಹಗ್ಗ ಹೊಸೆಯುತ್ತಾನೆ. ಅವನು ಹೊಸೆಯುವುದನ್ನು ನಿಲ್ಲಿಸದೆ ಕೇಳಿದ, "ಕುಲುಮೆ ಹಾಕೋದು ಹೆಂಗೆ ಅಂತ ಗೊತ್ತೇನೆ ನಿಂಗೆ?"

"ಇಪ್ಪತ್ತೆರಡು ವರ್ಷ ನೋಡಿಲ್ವಾ?"

"ನಾನು ನಿನ್ನ ಇಪ್ಪತ್ತಾರು ವರ್ಷದಿಂದ ನೋಡ್ತಾ ಇವ್ನಿ. ಏನ್ ಗೊತ್ತಾಗೈತೆ?"

ಮೊದಲ ಕುಲುಮೆ ನೆಲದಲ್ಲಿ ತೋಡಿದ ಗುಂಡಿ. ಮೊಳದುದ್ದ, ಗೇಣು ಆಳ, ಸುತ್ತಲೂ ಇಟ್ಟಿಗೆ. ಒಂದು ಚೀಲ ಜಾಲಿಯ ಇದ್ದಿಲು ಸುರಿದು ಹೊತ್ತಿಸಿ ಮೊರದಿಂದ ಬೀಸಿದೆ. ಬೆಂಕಿ ಚೆನ್ನಾಗಿಯೇ ಎದ್ದಿತು. ಎಮ್ಮೆ ಸುಡುವಷ್ಟು ಎದ್ದಿತು. ಆದರೆ ಉಳಿಯ ತುದಿ ಹಳೆಯ ಹೆಂಚಿನ ಬಣ್ಣಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು. ಚೀಲ ಖಾಲಿಯಾಯಿತು, ನನ್ನ ಹುಬ್ಬು ಅರ್ಧ ಹೋಯಿತು. ಬೆಂಕಿ ದೊಡ್ಡದಾದರೆ ಶಾಖ ಹೆಚ್ಚುತ್ತದೆ ಎಂದುಕೊಂಡಿದ್ದೆ. ಶಾಖ ಬೇಕಾದದ್ದು ಹೆಬ್ಬೆರಳಿನ ಉದ್ದದ ಕಬ್ಬಿಣಕ್ಕೆ. ಅದಕ್ಕೆ ಮೊಳದುದ್ದದ ಗುಂಡಿ ಯಾಕೆ ಎಂದು ನಾನು ನನ್ನನ್ನೇ ಬೈದುಕೊಂಡೆ, ಮೆಲ್ಲಗೆ.

ಎರಡನೆಯದಕ್ಕೆ ಗಾರೆ ಕಲಸುವ ತೂತುಬಿದ್ದ ಬಾಂಡಲಿಯನ್ನು ತಂದೆ. ಹುತ್ತದ ಮಣ್ಣಿಗೆ ಭತ್ತದ ಹೊಟ್ಟು, ಸಗಣಿ ಸೇರಿಸಿ ತುಳಿದು, ಒಳಗೆಲ್ಲ ಮೂರು ಬೆರಳು ದಪ್ಪ ಮೆತ್ತಿದೆ. ಗಾಳಿಗೆ ಮೊರ ಸಾಲದು ಎಂದು ಹಳೆಯ ಸೈಕಲ್ಲಿನ ಪೆಡಲು, ಚಕ್ರ ಬಿಚ್ಚಿ ಮರದ ಚೌಕಟ್ಟಿಗೆ ಕಟ್ಟಿದೆ. ತಗಡು ಕತ್ತರಿಸಿ ಆರು ರೆಕ್ಕೆಯ ಪಂಖ ಮಾಡಿ ಎಣ್ಣೆ ಡಬ್ಬದೊಳಗೆ ಕೂರಿಸಿದೆ. ತಿಪ್ಪಯ್ಯ ಚಕ್ರದಿಂದ ಪಂಖಕ್ಕೆ ಹಗ್ಗ ಹಾಕಿಕೊಟ್ಟ. ಎಡಗೈಯಿಂದ ಪೆಡಲು ತಿರುಗಿಸಿದರೆ ಡಬ್ಬದ ಬಾಯಿಂದ ಗಾಳಿ ಬುಸುಗುಟ್ಟುತ್ತಿತ್ತು. ಅದನ್ನು ಬಾಂಡಲಿಗೆ ಮುಟ್ಟಿಸಲು ತೋಟದ ನೀರಿನ ರಬ್ಬರು ಕೊಳವೆ ಇಟ್ಟೆ. ಇದು ನನ್ನ ದಡ್ಡತನ. ಕೊಳವೆ ಕರಗಿ, ನಾತ ಮೂರು ಬೀದಿಗೆ ಹೋಯಿತು. ನಾತಕ್ಕೆ ನಮ್ಮೂರಿನಲ್ಲಿ ತಡವಿಲ್ಲ, ಆ ಕ್ಷಣವೇ ಎಲ್ಲರೂ ಬಂದರು. ಮಣ್ಣು ಒಣಗುವ ಮುಂಚೆಯೇ ಬೆಂಕಿ ಹಾಕಿದ್ದರಿಂದ ಮೆತ್ತಿದ್ದೆಲ್ಲ ಚಕ್ಕೆ ಚಕ್ಕೆಯಾಗಿ ಸಿಡಿದು ಬಂದವರ ಕಾಲಿಗೆ ಬಿತ್ತು.

"ಮಾರಕ್ಕ ಹೋಳಿಗೆ ಸುಡ್ತಾವ್ಳೆ ಅಂದ್ಕೊಂಡು ಬಂದೆ" ಎಂದಳು ಎದುರುಮನೆಯ ಬೋರಕ್ಕ.

"ನಿನ್ ನಾಲಿಗೆ ಸುಡ್ತೀನಿ, ಕೊಡು."

ಮೂರನೆಯ ಸಲ ತಾಳ್ಮೆ ತಂದುಕೊಂಡೆ. ನನಗೆ ಅದು ಕಬ್ಬಿಣ ಬಗ್ಗಿಸುವುದಕ್ಕಿಂತ ಕಷ್ಟ. ಬಾಂಡಲಿಯೊಳಗೆ ಎರಡು ಬೊಗಸೆಯಷ್ಟೇ ಜಾಗ ಬಿಟ್ಟು ಉಳಿದದ್ದನ್ನೆಲ್ಲ ಮಣ್ಣಿನಿಂದ ಕಿರಿದು ಮಾಡಿದೆ. ಆರು ದಿನ ನೆರಳಿನಲ್ಲಿ ಒಣಗಿಸಿದೆ. ಬಿರುಕು ಬಿಟ್ಟಲ್ಲಿ ಒದ್ದೆ ಕೈಯಿಂದ ತೀಡಿದೆ. ಏಳನೆಯ ದಿನ ಒಂದು ಹಿಡಿ ಕರಟ ಉರಿಸಿ ಬೆಚ್ಚಗೆ ಮಾಡಿದೆ, ಎಂಟನೆಯ ದಿನ ಎರಡು ಹಿಡಿ. ಗಾಳಿಗೆ ಬೋರಿಂಗಿನ ಕಬ್ಬಿಣದ ಪೈಪಿನ ತುಂಡು ಸಿಕ್ಕಿತು. ಅದನ್ನು ಪಕ್ಕದಿಂದ ಬಿಡದೆ ತಳದಿಂದ ಬಿಟ್ಟೆ. ಕೆಳಗೆ ಬೂದಿ ಉದುರಲು ಒಂದು ಡಬ್ಬಿಯ ಮುಚ್ಚಳ ಕಟ್ಟಿದೆ. ಮೇಲೆ ಒಡೆದ ಮಡಕೆಯ ಅರ್ಧ ಬೋರಲು ಹಾಕಿದ್ದರಿಂದ ಶಾಖ ಹಾರಿಹೋಗದೆ ಒಳಗೇ ನಿಂತಿತು. ಲಾರಿಯ ಅಚ್ಚಿನ ತುಂಡೊಂದನ್ನು ಮರದ ಕೊರಡಿಗೆ ಹೊಡೆದು ಅಡಿಗಲ್ಲು ಮಾಡಿಕೊಂಡೆ. ಒಂದು ಚೀಲ ಇದ್ದಿಲು ಕುಡಿಯುತ್ತಿದ್ದ ಕೆಲಸ ಈಗ ಒಂದು ಪುಟ್ಟಿಯಲ್ಲಿ ಮುಗಿಯಿತು. ನಲವತ್ತು ಸುತ್ತು ಪೆಡಲು ತಿರುಗಿಸಿದರೆ ಉಳಿಯ ತುದಿ ದಾಳಿಂಬೆ ಬೀಜದ ಬಣ್ಣಕ್ಕೆ ಬರುತ್ತಿತ್ತು. ತಿಪ್ಪಯ್ಯ ಮರದ ಕೆಳಗಿನಿಂದ ಎದ್ದು ಬಂದು ಬಗ್ಗಿ ನೋಡಿ, "ಪರವಾಗಿಲ್ಲ ಕಣೆ" ಎಂದ. ಆ ಮಾತನ್ನು ಅವನು ನಮ್ಮ ಮದುವೆಯ ದಿನ ಒಮ್ಮೆ ಹೇಳಿದ್ದ.

ಒಂದು ದಿನ ಕುಲುಮೆ, ಒಂದು ದಿನ ಬೀದಿ, ಹೀಗೆ ನಡೆಸಿದೆ. ಕುಲುಮೆಯ ದಿನ ಬೆಳಿಗ್ಗೆ ಯಾವುದಾದರೂ ಬೀದಿಯಲ್ಲಿ ಕೂಗಿ ಬಂದು ಬೆಂಕಿ ಹಾಕುತ್ತಿದ್ದೆ. ಹತ್ತು ಗಂಟೆ ಹೊತ್ತಿಗೆ ಎಂಟು ಉಳಿಗಳನ್ನೂ ಚೂಪು ಮಾಡಿ, ಬಾವಿಯಿಂದ ಆಗಷ್ಟೇ ಸೇದಿದ ನೀರು ತುಂಬಿದ ಗುಡಾಣಕ್ಕೆ ಒಂದೊಂದಾಗಿ ಅದ್ದುತ್ತಿದ್ದೆ. ತುದಿ ಉಜ್ಜಿದರೆ ಒಣಹುಲ್ಲಿನ ಬಣ್ಣ ಮೆಲ್ಲಗೆ ಇಳಿದು ಬರುತ್ತಿತ್ತು, ಆಚಾರಿಯ ಕುಲುಮೆಯಲ್ಲಿ ಕಂಡ ಹಾಗೆಯೇ. ಮಾರನೆಯ ದಿನ ಅವನ್ನು ಚೀಲಕ್ಕೆ ಹಾಕಿ ಹೊರಡುತ್ತಿದ್ದೆ.

ಅವೂ ಮುರಿದವು.

ಎರಡು ವಾರದಲ್ಲಿ ಐದು ಮುರಿದವು. ಕೊನೆಯದು ಮುರಿದದ್ದು ಬೋರಕ್ಕನ ಜಗುಲಿಯಲ್ಲಿ. ತುದಿ ಹಾರಿ ಹೋಗಿ, ಮೊಂಡು ಬುಡ ಜಾರಿ ಅವಳ ಬೀಸುಕಲ್ಲಿನ ಅಂಚಿಗೆ ತಗುಲಿ ಅಂಗೈಯಗಲ ಚಕ್ಕೆ ಎದ್ದುಬಂತು. ಅದು ಅವಳ ಅತ್ತೆ ಬೀಸಿದ ಕಲ್ಲು. ಬೋರಕ್ಕ ನನ್ನ ಮೇಲೆ ಕೂಗಲಿಲ್ಲ. ಕೂಗಿದ್ದರೆ ಮಾರನೆಯ ದಿನ ಕೈ ಕೊಡವುತ್ತಿದ್ದಳು. ಚಕ್ಕೆಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ, "ಕುಟ್ಟು ಅಂದ್ರೆ ಒಡೀತೀಯಲ್ಲೇ ಮಾರಕ್ಕ. ಆಚಾರಿ ಹೇಳಿದ್ದು ಸುಳ್ಳಲ್ಲ ಬಿಡು" ಎಂದಳು. ಆ ಮೆಲ್ಲಗಿನ ಮಾತು ಸಂಜೆಯೊಳಗೆ ಊರೆಲ್ಲ ತಿರುಗಿತು. ಮೂರನೆಯ ದಿನ ನಾನು ಕೂಗಿ ಬಂದಿದ್ದ ಬೀದಿಗೆ ಹೋದರೆ ನನ್ನ ಕೂಗು ಏಳುತ್ತಿತ್ತು, ಒಂದೇ ಒಂದು ಕಲ್ಲು ಜಗುಲಿಗೆ ಬಂದಿರಲಿಲ್ಲ. ಬೀದಿಯ ನಡುವೆ ನಿಂತು ನನ್ನ ಕೂಗನ್ನು ನಾನೊಬ್ಬಳೇ ಕೇಳಿದೆ. ಹಬ್ಬದ ತಿಂಗಳಿಗೆ ಹದಿನೇಳು ದಿನ ಇತ್ತು.

ಮನೆಗೆ ಬಂದಾಗ ತಿಪ್ಪಯ್ಯ ನನ್ನ ಗುಡಾಣಕ್ಕೆ ಸಿಮೆಂಟು ಮೆತ್ತುತ್ತಿದ್ದ. ಹೊಟ್ಟೆಯ ಸುತ್ತ ಆಗಲೇ ಮೂರು ಪಟ್ಟಿ ಇತ್ತು. ನಾಲ್ಕನೆಯದು ಎಳೆಯುತ್ತಿದ್ದ.

"ಇದೇನು ಮಾಡ್ತಾ ಇದೀಯ?"

"ನಿನ್ ಗುಡಾಣ ಸೀಳ್ತಾ ಐತೆ ಕಣೆ. ನೀರು ಸೋರಿದ್ದು ಕಾಣಾಕಿಲ್ಲ, ಆದ್ರೆ ಸೀಳೋ ಸದ್ದು ಬತ್ತದೆ. ನೀನು ಬೀದಿಗೆ ಹೋದ ದಿನ, ಹತ್ತು ಗಂಟೆ ಹೊತ್ತಿಗೆ, ಟಿಣ್ ಅಂತದೆ. ಒಂದ್ ಸಲ ಎಲ್ಡು, ಒಂದ್ ಸಲ ಮೂರು. ನಾನು ಒಂದೊಂದೇ ಪಟ್ಟಿ ಹಾಕ್ತಾ ಬಂದೆ."

ಗುಡಾಣ ಸೀಳುತ್ತಿರಲಿಲ್ಲ. ನೀರಿಗೆ ಬಿದ್ದಾಗ ಸೀಳುತ್ತಿದ್ದದ್ದು ಉಳಿ. ಕೂದಲಿಗಿಂತ ಸಣ್ಣ ಬಿರುಕು, ಕಣ್ಣಿಗೆ ಕಾಣುವುದಿಲ್ಲ, ಸದ್ದಿನಿಂದಲೇ ತಿಳಿಯಬೇಕು. ಆ ಸದ್ದು ಮಾರನೆಯ ದಿನ ಬರುವಾಗ ನಾನು ಬೀದಿಯಲ್ಲಿ ಅದೇ ಸೀಳಿದ ಉಳಿಗಳನ್ನು ಹಿಡಿದು ಕಲ್ಲು ಹುಡುಕುತ್ತಿದ್ದೆ. ನನ್ನ ಗಂಡ ಗುಡಾಣಕ್ಕೆ ಮುಲಾಮು ಹಚ್ಚುತ್ತಿದ್ದ. ಆಗ ಆಚಾರಿಯ ಇನ್ನೊಂದು ಅಭ್ಯಾಸ ನೆನಪಾಯಿತು. ಪ್ರತಿ ಉಳಿ ಅದ್ದುವ ಮುಂಚೆ ಅವನು ನೀರು ತುಂಬಿಡುವ ತನ್ನ ಕಲ್ಲುಬಾನಿಯ ಅಂಚಿಗೆ ಸುತ್ತಿಗೆಯಿಂದ ಒಂದು ಸಲ ತಟ್ಟುತ್ತಿದ್ದ. ಅದು ಏನೋ ಶಾಸ್ತ್ರ ಎಂದುಕೊಂಡಿದ್ದೆ. ಶಾಸ್ತ್ರವಲ್ಲ, ಲೆಕ್ಕ. ಇವತ್ತು ತಟ್ಟಿ ಅದ್ದಿದರೆ ನಾಳೆ ಠಣ್, ಠಣ್, ಠಣ್ ಎಂದು ಸಾಲಾಗಿ ಬರುತ್ತದೆ. ಮೂರನೆಯ ಠಣ್ ಆದಮೇಲೆ ಟಿಣ್ ಎಂದರೆ ಮೂರನೆಯ ಉಳಿ ಹೋಯಿತು. ಕಮ್ಮಾರಿಕೆ ಎರಡು ದಿನದ ಕೆಲಸ. ಇವತ್ತು ಕೈ, ನಾಳೆ ಕಿವಿ.

"ತಿಪ್ಪಯ್ಯ, ಆ ಸಿಮೆಂಟು ಬಿಡು."

"ಇದೊಂದು ಪಟ್ಟಿ ಮುಗಿಸ್ತೀನಿ ತಡಿ" ಎಂದ.

ಮುಂದಿನ ಐದು ದಿನ ನಾನು ಬೀದಿಗೆ ಹೋಗಲಿಲ್ಲ. ಹತ್ತಕ್ಕೆ ಅಡಿಗಲ್ಲಿಗೆ ಒಂದೊಂದು ಸಲ ತಟ್ಟಿ ಅದ್ದುವುದು, ಮಾರನೆಯ ದಿನ ಹತ್ತಕ್ಕೆ ಉಳಿಗಳನ್ನು ಅದ್ದಿದ ಸಾಲಿನಲ್ಲೇ ಜೋಡಿಸಿಟ್ಟುಕೊಂಡು ಗುಡಾಣದ ಪಕ್ಕ ಕೂತು ಕೇಳುವುದು. ಮೊದಲ ದಿನ ಎಂಟರಲ್ಲಿ ಮೂರು ಸೀಳಿದ್ದವು. ಬಾವಿಯ ತಣ್ಣೀರು ಕಾರಣವಿರಬೇಕೆಂದು ನೀರನ್ನು ಉಗುರುಬೆಚ್ಚಗೆ ಮಾಡಿದೆ, ಎರಡಕ್ಕೆ ಇಳಿಯಿತು. ಮೇಲೆ ಒಂದು ಚಮಚ ಹರಳೆಣ್ಣೆ ತೇಲಿಬಿಟ್ಟೆ, ಒಂದಕ್ಕೆ ಇಳಿಯಿತು. ಐದನೆಯ ದಿನ ಠಣ್ ಮಾತ್ರ ಎಂಟು ಸಲ ಬಂತು, ಬೇರೇನೂ ಬರಲಿಲ್ಲ. ಒಂದು ಉಳಿ ತೆಗೆದುಕೊಂಡು ಬೋರಕ್ಕನ ಮನೆಗೆ ಹೋಗಿ, ಕೇಳದೆಯೇ ಅವಳ ಬೀಸುಕಲ್ಲನ್ನು ಎಳೆದುಕೊಂಡು, ಚಕ್ಕೆ ಎದ್ದ ಅಂಚನ್ನು ಸುತ್ತಲೂ ಇಳಿಜಾರಾಗಿ ಕೆತ್ತಿ ಕೊಟ್ಟೆ. ಉಳಿ ಮುರಿಯಲಿಲ್ಲ. ಅವಳು ಅಂಚಿನ ಮೇಲೆ ಕೈಯಾಡಿಸಿದಳು. ಆಮೇಲೆ ಅಡುಗೆಮನೆಯಿಂದ ಒರಳುಗುಂಡನ್ನೂ ಉರುಳಿಸಿಕೊಂಡು ಬಂದಳು.

ಇಷ್ಟಕ್ಕೆ ಸುಮ್ಮನಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಆಚಾರಿಯ ಎದುರಿಗೆ ಆ ಎಂಟು ಉಳಿಗಳನ್ನು ಹಿಡಿದು ನಿಲ್ಲಬೇಕೆಂದು ಮಧ್ಯಾಹ್ನ ಅವನ ಬೀದಿಗೆ ಹೋದೆ. ಒಳಗೆ ಹೋಗುವ ಹಾಗಿಲ್ಲ, ಹೊಸಿಲಿನ ಹೊರಗೆ ನಿಂತೆ. ಅವನು ಉಳಿ ಅದ್ದುವುದು ಯಾವತ್ತೂ ಹನ್ನೆರಡಕ್ಕೆ. ಬಾನಿಯ ಪಕ್ಕ ಮಣೆ ಹಾಕಿಕೊಂಡು, ನಿನ್ನೆಯ ಆರು ಉಳಿಗಳನ್ನು ಮುಂದೆ ಸಾಲಾಗಿಟ್ಟುಕೊಂಡು, ತಲೆ ತಗ್ಗಿಸಿ ಕೇಳಲು ಕೂತಿದ್ದ. ಸದ್ದು ಶುರುವಾಯಿತು. ಠಣ್. ಠಣ್. ಠಣ್, ಟಿಣ್. ಮೂರನೆಯದು ಎಂದುಕೊಂಡೆ ನಾನು. ಠಣ್. ಠಣ್, ಟಿಣ್. ಐದನೆಯದು. ಠಣ್. ಬೀದಿಗೇ ಕೇಳಿಸುವಷ್ಟು ಸ್ಪಷ್ಟವಾಗಿತ್ತು. ಆಚಾರಿ ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದ. ಆಮೇಲೆ ಗೋಡೆಯ ಮೇಲಿನ ಬಿಸಿಲಿನ ಗೆರೆ ನೋಡಿ, ಹೊತ್ತು ಮೀರಿತೆಂದು ಖಾತ್ರಿ ಮಾಡಿಕೊಂಡು, ಆರೂ ಉಳಿಗಳನ್ನು ಬಾಚಿ ಒಳ್ಳೆಯವುಗಳ ಬುಟ್ಟಿಗೆ ಹಾಕಿದ.

ಅವನು ಎಲ್ಲರ ಬಾಯನ್ನೇ ನೋಡುವುದು ಯಾಕೆಂದು ಆಗ ನನಗೆ ಹೊಳೆಯಿತು. ಕಾಳಮ್ಮ ಬೂದಿ ಚೆಲ್ಲಲು ಹೊರಗೆ ಬಂದವಳು ನನ್ನನ್ನು ಕಂಡು ಬೆಚ್ಚಿದಳು.

"ಕಾಳಕ್ಕ, ಎಷ್ಟು ದಿನ ಆಯ್ತು?"

"ಏನು?"

"ಕಿವಿ."

ಅವಳು ಬೂದಿಯ ಪುಟ್ಟಿ ಕೆಳಗಿಟ್ಟಳು. "ಹೋದ ಬೇಸಿಗೇಲಿ. ಮೊದ್ಲು ಒಂದು, ಆಮೇಲೆ ಇನ್ನೊಂದು. ಯಾರಿಗೂ ಹೇಳ್ಬೇಡ ಮಾರಕ್ಕ, ನಿನ್ ದಮ್ಮಯ್ಯ. ಕೇಳಿಸ್ದೇ ಇರೋ ಆಚಾರಿ ಹತ್ರ ಯಾರು ಬತ್ತಾರೆ?"

"ನೀನಾದ್ರೂ ಬಾನಿ ಹತ್ರ ಕೂತು ಕೇಳ್ಬಾರ್ದಾ?"

"ಕೂರೋಕೆ ಹೋದ್ರೆ ಬೈತಾರೆ. ನಂಗೆ ಕೇಳಿಸ್ತೈತೆ, ಹೋಗೆ ಒಳಗೆ ಅಂತಾರೆ. ಆವತ್ತು ನೀನು ಬೆಂಕಿ ಆರ್ಲಿ ಅಂದೆಯಲ್ಲ, ಅದೂ ಅವ್ರಿಗೆ ಕೇಳಿಸಿಲ್ಲ. ನಾನೂ ಹೇಳ್ಲಿಲ್ಲ. ಹೆಂಗ್ ಹೇಳ್ಲಿ?"

ಒಂದು ಕಡೆ ಸಿಟ್ಟು. ನನ್ನ ಕೈಯನ್ನು ಸೊಟ್ಟ ಎಂದನಲ್ಲ, ತನ್ನ ಕಿವಿ ಮುಚ್ಚಿಟ್ಟುಕೊಂಡು! ಕೂಗೋಣವೆಂದರೆ ಇವತ್ತೂ ಕೇಳಿಸದು, ನಾಳೆಯೂ ಕೇಳಿಸದು. ಅಂಥ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ ಎಂದು ನನಗೆ ಯಾರೂ ಕಲಿಸಿರಲಿಲ್ಲ. "ಆ ಬುಟ್ಟಿ ತಗೊಂಡು ಬಾ" ಎಂದೆ. ಅವಳು ತಂದಳು. ಹಿಂದೆಯೇ ಆಚಾರಿ ಹೊಸಿಲಿನವರೆಗೆ ಬಂದು ನನ್ನ ಬಾಯಿ ನೋಡುತ್ತಾ ನಿಂತ. ನಾನು ಬಾಯಿ ಬಿಡಲಿಲ್ಲ. ಆರು ಉಳಿಯ ಬುಡದಲ್ಲೂ ಅವನು ಸಾಲಿಗೆ ತಕ್ಕಂತೆ ಗೀಟು ಹಾಕಿರುತ್ತಾನೆ. ಮೂರು ಗೀಟಿನದನ್ನು ತೆಗೆದು ಕಲ್ಲಿನ ಮೇಲೆ ಅಡ್ಡವಿಟ್ಟು ಹೊಡೆದೆ. ಮುರಿಯಿತು. ಐದು ಗೀಟಿನದನ್ನು ಹೊಡೆದೆ. ಅದೂ ಮುರಿಯಿತು. ಒಂದು ಗೀಟಿನದನ್ನು ಮೂರು ಸಲ ಹೊಡೆದೆ; ಕಲ್ಲಿಗೆ ಗುರುತು ಬಿತ್ತು, ಉಳಿ ಹಾಗೇ ಇತ್ತು.

ಆಚಾರಿ ಬಗ್ಗಿ ಎರಡು ತುಂಡುಗಳನ್ನು ಎತ್ತಿಕೊಂಡ. ಹೊಸದಾಗಿ ಮುರಿದ ಕಬ್ಬಿಣ ಬೆಳ್ಳಗೆ ಹರಳಿನ ಹಾಗಿರುತ್ತದೆ. ಆ ಬೆಳ್ಳಗಿನದರ ನಡುವೆ ನೀರು ಹೊಕ್ಕು ಕಪ್ಪಾದ ಗೆರೆ ಇತ್ತು. ಕಿವಿ ಹೋದವನಿಗೂ ಅದು ಓದಲು ಬರುತ್ತದೆ. ಅವನು ಗೆರೆಯ ಮೇಲೆ ಉಗುರು ಎಳೆದ. ಬಿಸಿಲಿಗೆ ಹಿಡಿದು ನೋಡಿದ. ಒಳಗೆ ಹೋದ. ನಾನೂ ಬಂದ ದಾರಿ ಹಿಡಿದೆ. ನನ್ನ ಎಂಟು ಉಳಿಗಳನ್ನು ತೋರಿಸುವುದೇ ಮರೆತಿತ್ತು.

ಮೂರನೆಯ ದಿನ ಆ ಬೀದಿಯಲ್ಲಿ ಹಾದುಹೋಗುವಾಗ ಕಲ್ಲುಬಾನಿ ಹೊಸಿಲಿನ ಹೊರಗಿತ್ತು. ಅದನ್ನು ಎತ್ತಲು ನಾಲ್ಕು ಆಳು ಬೇಕು. ಒಳಗೆ ಜಾಗ ಸಾಲುವುದಿಲ್ಲ ಎಂದು ಅಕ್ಕಪಕ್ಕದವರಿಗೆ ಹೇಳಿ ಹಿಂದಿನ ದಿನವೇ ಹಿಡಿಸಿದನಂತೆ. ಬಾನಿಯ ಪಕ್ಕ ಬೀದಿಯ ಕಡೆಗೆ ಒಂದು ಮಣೆ ಹಾಕಿತ್ತು. ಒಳಗೆ ಆಚಾರಿ ತಿದಿ ಒತ್ತುತ್ತಿದ್ದ, ತಲೆ ಎತ್ತಲಿಲ್ಲ. ಹನ್ನೆರಡು ಆಗುವುದರಲ್ಲಿತ್ತು. ನಾನು ಮಣೆಯ ಮೇಲೆ ಕೂತೆ. ಸದ್ದು ಬಂದು ಮುಗಿದ ಮೇಲೆ ಎರಡು ಬೆರಳು ಎತ್ತಿ ತೋರಿಸಿದೆ, ಆಮೇಲೆ ಆರು. ಅವನು ಎರಡು ಗೀಟಿನದನ್ನೂ ಆರು ಗೀಟಿನದನ್ನೂ ತೆಗೆದು ಬೆಂಕಿಗೆ ಎಸೆದ.

ಹೀಗೆ ನಡೆಯಿತು. ಬೆಳಿಗ್ಗೆ ನನ್ನ ಗುಡಾಣ, ಮಧ್ಯಾಹ್ನ ಅವನ ಬಾನಿ. ಮಾರಕ್ಕ ಆಚಾರಿಯ ಮನೆ ಮುಂದೆ ಯಾಕೆ ಕೂರುತ್ತಾಳೆ ಎಂದು ಕೇಳಿದವರಿಗೆ, ಉಳಿಗೆ ಕಾಯುತ್ತಿದ್ದೇನೆ ಎಂದೆ. ಅವನು ಒಂದು ದಿನ ನನ್ನ ಉಳಿಯ ತುದಿ ನೋಡಿ, "ಗಾಳಿ ಜಾಸ್ತಿ ಕೊಡ್ತೀಯ. ಕಬ್ಬಿಣ ಬೆವರಬೇಕು, ಉರೀಬಾರ್ದು" ಎಂದ. ಪೆಡಲನ್ನು ನಲವತ್ತರಿಂದ ಇಪ್ಪತ್ತೆಂಟು ಸುತ್ತಿಗೆ ಇಳಿಸಿದೆ. ಅವನು ಹೇಳಿದ್ದು ಸರಿಯಾಗಿತ್ತು. ಇನ್ನೊಂದು ದಿನ, ಎರಡು ಬೊಗಸೆಯ ಒಲೆಯಲ್ಲಿ ಎಂಟು ಉಳಿ ಕಾಯುತ್ತವಂತೆ ಹೌದಾ ಎಂದು ಕೇಳಿದ. ಕೈಯಲ್ಲಿ ಅಳತೆ ತೋರಿಸಿದೆ. ವಾರದ ಮೇಲೆ ನೋಡಿದರೆ ಅವನ ಅಪ್ಪನ ಕಾಲದ ದೊಡ್ಡ ಒಲೆಗೆ ಮಣ್ಣು ಮೆತ್ತಿ ಕಿರಿದು ಮಾಡಿದ್ದ. ಹಬ್ಬದ ತಿಂಗಳು ಬಂತು, ಕಲ್ಲುಗಳು ಜಗುಲಿಗೆ ಬಂದವು. ನನ್ನ ಚೀಲದಲ್ಲಿ ಅವನ ಉಳಿ ಯಾವುದು, ನನ್ನದು ಯಾವುದು ಎಂದು ಗೀಟು ನೋಡಿಯೇ ಹೇಳಬೇಕಾಗಿತ್ತು. ಒಂದೂ ಮುರಿಯಲಿಲ್ಲ.

ಹಬ್ಬ ಕಳೆದ ಮೇಲೆ ಒಂದು ದಿನ ನಾನು ನಾಲ್ಕು ಬೆರಳು ತೋರಿಸಿದರೆ ಅವನು ಐದನೆಯದನ್ನು ಬೆಂಕಿಗೆ ಹಾಕಿದ. ಒಳ್ಳೆಯ ಉಳಿ. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತು ಕೂಗಿಬಿಟ್ಟೆ. ಪದ್ಧತಿ ಪದ್ಧತಿಯೇ, ಮಾರನೆಯ ದಿನ ಬಾನಿಯ ಪಕ್ಕ ನಿಂತೆವು. ನಾನು ಹೊರಗೆ, ಅವನು ಹೊಸಿಲಿನ ಒಳಗೆ. ನನ್ನ ದನಿ ಬಂತು. "ಕಣ್ಣೂ ಹೋಯ್ತೇನಯ್ಯಾ ಮುದುಕ? ನಾಕು ಅಂದ್ರೆ ಐದು ಹಾಕ್ತೀಯಲ್ಲ!" ಒಳಗೆ ಕಾಳಮ್ಮ ಕಿಸಕ್ಕನೆ ನಕ್ಕಳು. ಆಚಾರಿ ನನ್ನ ಕಾಲು ನೋಡುತ್ತಿದ್ದ. ನಾನು ಎರಡು ಅಂಗೈ ತಟ್ಟಿ ಕೊಡವಿದೆ.

ಅವನು ತಲೆ ಎತ್ತಿದ. "ಯಾವುದಕ್ಕೆ? ನಿನ್ನೇದಕ್ಕಾ, ಆವತ್ತಿನದಕ್ಕಾ?"

ಒಳಗಿನ ನಗು ನಿಂತಿತು.

"ಆವತ್ತಿಂದು ನಿಮ್ಗೆ ಕೇಳಿಸ್ಲೇ ಇಲ್ವಲ್ಲ" ಎಂದೆ.

"ಕೇಳಿಸ್ಲಿಲ್ಲ" ಎಂದ. "ನೋಡ್ದೆ. ಬೆಂಕಿ ಅನ್ನೋದು ಬಾಯಲ್ಲಿ ಚೆನ್ನಾಗ್ ಕಾಣ್ತದೆ."

ಅಂದರೆ ಬೈದ ಗಳಿಗೆಯಲ್ಲೇ ಅವನಿಗೆ ಗೊತ್ತಾಗಿತ್ತು. ನಮ್ಮೂರಿನಲ್ಲಿ ಬೈಗುಳವನ್ನು ಬೈದ ದಿನವೇ ಪಡೆದುಕೊಂಡವನು ಅವನೊಬ್ಬನೇ. ಕೇಳಿಕೆಯಲ್ಲಿ ನನ್ನ ಕಾಲನ್ನು ನೋಡುತ್ತಾ ನಿಂತಾಗ ಅವನು ಕಾಯುತ್ತಿದ್ದದ್ದು ಅದಕ್ಕೇ. ನಾನು ಒದ್ದಿದ್ದೆ. ಒದ್ದದ್ದನ್ನು ಆಮೇಲೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಬೀದಿಯ ಎರಡೂ ಕಡೆ ನೋಡಿ, ಎರಡು ಬೆರಳು ಎತ್ತಿದೆ. ಎರಡಕ್ಕೂ.

"ಹೊಸಿಲಿಂದು?" ಎಂದ.

"ಅದು ಬಿಟ್ಟಿಲ್ಲ. ಅಂದಿದ್ದು ಅಂದಿದ್ದೇ."

"ಸರಿ" ಎಂದು ಅವನು ತಿದಿಯ ಹತ್ತಿರ ಹೋದ.

ಮರುದಿನ ಮಧ್ಯಾಹ್ನ ಬಿಸಿಲು ಜೋರಾಗಿತ್ತು. ಮಣೆಯ ಮೇಲೆ ಕೂತು ಕೇಳುವಷ್ಟರಲ್ಲಿ ನನ್ನ ನೆತ್ತಿ ಕಾದಿತ್ತು. ಒಂದು ಬೆರಳು ತೋರಿಸಿ ಮನೆಗೆ ಹೋದೆ. ಮಾರನೆಯ ದಿನ ಬಂದಾಗ ಬಾನಿಯ ಎರಡು ಪಕ್ಕ ಗೂಟ ನೆಟ್ಟು, ಮೇಲೆ ನಾಲ್ಕು ತೆಂಗಿನ ಗರಿ ಹೊದಿಸಿದ್ದ. ಮಣೆ ನೆರಳಿನಲ್ಲಿತ್ತು.